ಎಣ್ಣೆಯಲ್ಲಿ ನೋಡಬೇಡ, ಶೇಖರ

ಕಾಪು
16-1-1987

ಪ್ರೀತಿಯ ತಮ್ಮ ಶೇಖರಾ,

ಕಾಗದದ ಮೊದಲ ಸಾಲಿನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುವುದು ನಮ್ಮ ಪದ್ಧತಿ. ಈ ಸಲ ಆ ಸಾಲು ಬರೆಯಲು ನನಗೆ ಧೈರ್ಯ ಬರುತ್ತಿಲ್ಲ. ಹಾಗೆಂದು ಯಾರಿಗೂ ಜ್ವರವಿಲ್ಲ, ನೆಗಡಿಯಿಲ್ಲ. ಮಗು ಹಾಲು ಕುಡಿದು ಮಲಗಿದೆ, ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ. ಆದರೂ ಇಪ್ಪತ್ತು ದಿನದಿಂದ ಈ ಮನೆಯಲ್ಲಿ ನಾವಿಬ್ಬರೂ ಹೆದರಿ ಕೂತಿದ್ದೇವೆ. ಯಾಕೆ ಎಂದು ನಿನಗೆ ಹೇಳಬಾರದು ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಇವತ್ತು ಹೇಳುತ್ತೇನೆ.

ನಿನ್ನ ಇನ್‌ಲ್ಯಾಂಡ್ ಮೊನ್ನೆ ಸಿಕ್ಕಿತು. ಅಷ್ಟುದ್ದದ ನೀಲಿ ಕಾಗದದಲ್ಲಿ ಮೂರೇ ಸಾಲು. "ಅಕ್ಕಾ, ತೊಟ್ಟಿಲಿಗೆ ಬರಬೇಡ ಅಂತ ಬರೆದಿದ್ದಿ. ನಾನು ಎಂತ ತಪ್ಪು ಮಾಡಿದೆ? ಗಿಲಕಿ ತೆಗೆದಿಟ್ಟಾಗಿದೆ, ಅದನ್ನು ಯಾರಿಗೆ ಕೊಡುವುದು?" ಮಾರಾಯಾ, ಆ ಗಿಲಕಿಯ ಮಾತು ಓದಿ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ನೀನು ಏನೂ ತಪ್ಪು ಮಾಡಿಲ್ಲ. ಆ ಕಾಗದದ ಮಾತು ಅಮ್ಮನದು, ಅಕ್ಷರ ಮಾತ್ರ ನನ್ನದು. ಅವಳು ಪಕ್ಕದಲ್ಲಿ ಕೂತು ಹೇಳುತ್ತಾ ಹೋದಳು, ನಾನು ಗುಂಡಗೆ ಬರೆಯುತ್ತಾ ಹೋದೆ. ‘ರಜೆ ಹಾಳು ಮಾಡಬೇಡ, ಚಳಿಯಲ್ಲಿ ಪ್ರಯಾಣ ಬೇಡ.’ ಚಳಿಯಂತೆ, ಕಾಪುವಿನಲ್ಲಿ! ಬೊಂಬಾಯಿಯ ಹಡಗಿನ ಡಾಕಿನಲ್ಲಿ ಕಬ್ಬಿಣ ಬೆಸೆಯುವವನಿಗೆ ಈ ಸುಳ್ಳು ಗೊತ್ತಾಗದೆ ಇರುತ್ತದೆಯೇ? ಬರೆಯುವಾಗಲೇ ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆದರಿಕೆ ಜಾಸ್ತಿ ಇತ್ತು, ಅದಕ್ಕೇ ಬರೆದೆ.

ಇನ್ನು ಅಡಗಿಸುವುದಿಲ್ಲ. ನಿನ್ನ ಸೊಸೆ, ನನ್ನ ಕೂಸು, ಹುಟ್ಟುವಾಗಲೇ ಅವಳ ಬಾಯಲ್ಲಿ ಹಲ್ಲು ಇತ್ತು. ಕೆಳಗಿನ ವಸಡಿನಲ್ಲಿ, ಸರಿಯಾಗಿ ಮುಂದೆ, ಅಕ್ಕಿಕಾಳಿನಷ್ಟು ಒಂದು. ಉಡುಪಿಯ ಹೆರಿಗೆ ಆಸ್ಪತ್ರೆಯಲ್ಲಿ ಮಗುವನ್ನು ಒರೆಸುತ್ತಿದ್ದ ನರ್ಸ್ ಪುಷ್ಪಾವತಿ ಅದನ್ನು ಮೊದಲು ನೋಡಿದ್ದು. "ಅಮ್ಮಾ, ನಿಮ್ಮ ಪುಳ್ಳಿ ಊಟಕ್ಕೆ ತಯಾರಾಗಿಯೇ ಬಂದಿದ್ದಾಳೆ, ಎಲೆ ಹಾಕಿ" ಎಂದು ನಕ್ಕಳು. ಅಮ್ಮ ನಗಲಿಲ್ಲ. ಮೊಮ್ಮಗಳನ್ನು ಎತ್ತಿಕೊಳ್ಳಲು ಚಾಚಿದ್ದ ಎರಡು ಕೈಯೂ ಹಾಗೆಯೇ ನಿಂತವು. ಆಮೇಲೆ ಸೆರಗಿನ ತುದಿಯಿಂದ ಮಗುವಿನ ಬಾಯಿ ಮುಚ್ಚಿ, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದಳು. ಮಗು ಹೇಗಿದೆ ಎಂದು ಕೇಳಲಿಲ್ಲ, ನಾನು ಹೇಗಿದ್ದೇನೆ ಎಂದೂ ಕೇಳಲಿಲ್ಲ. ಅವಳ ಬಾಯಿಂದ ಬಂದ ಮೊದಲ ಮಾತು ನಿನ್ನ ಹೆಸರು. "ಅಯ್ಯೋ, ಶೇಖರ!" ಎಂದಳು. ಹೆರಿಗೆಯ ಬೆವರಿನಲ್ಲಿ ಮಲಗಿದ್ದ ನನಗೂ ಅದು ಕೇಳಿತು.

ಭುಜಂಗ ಮಾವನ ಕಥೆ ನಿನಗೆ ಗೊತ್ತುಂಟು. ಆದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಅವರು ಹೋದ ಮೂರು ವರ್ಷದ ಮೇಲೆ ಹುಟ್ಟಿದವನು ನೀನು. ನಮ್ಮಲ್ಲಿ ಮನೆಯ ಯಜಮಾನ ಅಪ್ಪನಲ್ಲ, ಸೋದರಮಾವ. ಅಮ್ಮನಿಗಂತೂ ಅಣ್ಣ ಎಂದರೆ ಅಪ್ಪ, ಅಮ್ಮ, ದೇವರು ಎಲ್ಲವೂ. ನಾನು ಎಂಟು ತಿಂಗಳ ಕೂಸಾಗಿದ್ದಾಗ, ಮೋಡವಿಲ್ಲದ ಒಂದು ಬೆಳಿಗ್ಗೆ ಐದು ಜನರ ದೋಣಿ ದೀಪಸ್ತಂಭದ ಆಚೆಯ ಬಂಡೆಗೆ ಬಡಿದು ಮಗುಚಿತು. ಮೂವರು ಈಜಿ ಬಂದರು. ಮಾವ ಬರಲಿಲ್ಲ, ಅವರ ಜೊತೆ ಹುಟ್ಟು ಹಾಕುತ್ತಿದ್ದ ಜನಾರ್ದನಣ್ಣ ಎಂಬವರೂ ಬರಲಿಲ್ಲ. ನನಗೆ ಕೆಳಗಿನ ಹಲ್ಲಿಗಿಂತ ಮೊದಲು ಮೇಲಿನ ಹಲ್ಲು ಮೂಡಿತ್ತು. ಹುಟ್ಟುವಾಗಲೇ ಹಲ್ಲು ಬಂದರೆ, ಮೇಲಿನದು ಮೊದಲು ಬಂದರೆ, ಹಲ್ಲು ಹೇಗೆ ಲೆಕ್ಕ ತಪ್ಪಿದರೂ, ಸೋದರಮಾವನಿಗೆ ಕಂಟಕ ಎಂದು ನಮ್ಮ ಹಿರಿಯರ ನಂಬಿಕೆ. ಅಷ್ಟೇ. ಮತ್ತೆ ಯಾರೂ ಬಂಡೆಯ ಮಾತು ಆಡಲಿಲ್ಲ, ಗಾಳಿಯ ಮಾತು ಆಡಲಿಲ್ಲ. ಎಲ್ಲರೂ ನನ್ನ ಬಾಯಿಯ ಮಾತೇ ಆಡಿದರು.

ಕಡಲಿಗೆ ಹೋಗುವವರು ಅಂಗಳ ದಾಟುವಾಗ ನಾನು ನಗಬಾರದಿತ್ತು. ಅದು ಅಮ್ಮನ ಕಟ್ಟಪ್ಪಣೆ. "ಬಾಯಿ ಮುಚ್ಚು, ಗಂಡಸರು ಹೊರಟಿದ್ದಾರೆ" ಎನ್ನುತ್ತಿದ್ದಳು. ಮುಚ್ಚಿ ಮುಚ್ಚಿ ಅಭ್ಯಾಸವಾಗಿ, ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ನೀನು ಚಿಕ್ಕವನಿರುವಾಗ "ಅಕ್ಕ ನಗುವುದಿಲ್ಲ, ಅಕ್ಕನ ಕೈ ನಗುತ್ತದೆ" ಎಂದು ಕಾಡಿಸುತ್ತಿದ್ದೆ, ನೆನಪುಂಟಾ? ನನ್ನ ಮದುವೆಯ ಫೋಟೋ ತೆಗೆದು ನೋಡು. ನಿಮ್ಮ ಭಾವ ಹಲ್ಲು ಕಿರಿದು ನಿಂತಿದ್ದಾರೆ, ನಾನು ಯಾರೋ ಸತ್ತ ಮನೆಗೆ ಬಂದವಳಂತೆ ತುಟಿ ಬಿಗಿದು ನಿಂತಿದ್ದೇನೆ. ಆ ಹಾಲುಹಲ್ಲು ಬಿದ್ದು ಎಷ್ಟೋ ಕಾಲವಾಗಿತ್ತು, ಅದರ ಭಯ ಬಿದ್ದಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಮದುವೆಗೆ ಮೊದಲು, ಎಂಬತ್ತಮೂರರಲ್ಲಿ, ಒಂದು ವರ್ಷ ನಾನು ಮಣಿಪಾಲದ ಹಲ್ಲಿನ ಡಾಕ್ಟರ್ ಒಬ್ಬರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆನಲ್ಲ, ಡಾಕ್ಟರ್ ರಮಾಮಣಿ ಎಂದು. ಕೆಲಸ ಎಂತದು ಎಂದು ನೀನು ಕೇಳಿದಾಗಲೆಲ್ಲ "ಬರೆಯುವ ಕೆಲಸ" ಎಂದು ಹಾರಿಸಿಬಿಡುತ್ತಿದ್ದೆ. ಅವರು ಶಾಲೆ ಶಾಲೆಗೆ ಹೋಗಿ ಮಕ್ಕಳ ಬಾಯಿ ನೋಡುತ್ತಿದ್ದರು. ಎಷ್ಟು ಮಕ್ಕಳಿಗೆ ಹಲ್ಲು ಲೆಕ್ಕಕ್ಕಿಂತ ಹೆಚ್ಚು ಉಂಟು, ಎಷ್ಟು ಮಕ್ಕಳಿಗೆ ಹಲ್ಲು ಹುಟ್ಟಲೇ ಇಲ್ಲ, ಯಾರದ್ದು ಮೊಳೆಯ ಹಾಗೆ ಚೂಪು, ಯಾರದ್ದು ಎರಡು ಅಂಟಿಕೊಂಡು ಒಂದಾಗಿದೆ ಎಂದು ಎಣಿಸುವ ಸರ್ವೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಕೆಲಸ ಸಿಕ್ಕಿತು. ಬಾಯಿ ಮುಚ್ಚಿಕೊಂಡು ಬೆಳೆದವಳಿಗೆ ಊರಿನ ಮಕ್ಕಳ ಬಾಯಿ ತೆರೆಸುವ ಕೆಲಸ! ಅಮ್ಮನಿಗೆ ಇದು ಗೊತ್ತಾಗಿದ್ದರೆ ಅವತ್ತೇ ಬಿಡಿಸುತ್ತಿದ್ದಳು.

ಕ್ರಮ ಹೀಗೆ. ಜೀಪಿನ ಡ್ರೈವರ್ ಸಿರಿಲ್ ಶಾಲೆಯ ಜಗಲಿಯಲ್ಲಿ ಬೆಳಕು ಬೀಳುವ ಜಾಗ ನೋಡಿ ಒಂದು ಕುರ್ಚಿ ಇಡುತ್ತಿದ್ದ. ಮಕ್ಕಳು ಸಾಲಾಗಿ ಬಂದು ಕೂತು ಬಾಯಿ ತೆರೆಯಬೇಕು. ಡಾಕ್ಟರ್ ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಹಲ್ಲಿನ ನಂಬರು ಹೇಳುತ್ತಾ "ಸರಿ, ಸರಿ, ಸರಿ" ಎನ್ನುತ್ತಿದ್ದರು. ಬೇರೆ ತರಹದ್ದು ಕಂಡರೆ ಸ್ವಲ್ಪ ನಿಂತು "ಇಲ್ಲಿ ಉಂಟು, ಬರೆ" ಎನ್ನುತ್ತಿದ್ದರು. ನಾನು ಫಾರ್ಮಿನಲ್ಲಿ ಗುರುತು ಹಾಕುತ್ತಿದ್ದೆ. ಮೊದಲ ದಿನ, ಇಲ್ಲೇ ಕಾಪುವಿನ ಒಂದು ಶಾಲೆಯಲ್ಲಿ, ನಲವತ್ತು ಮಕ್ಕಳ ಕ್ಲಾಸಿನಲ್ಲಿ ಹನ್ನೊಂದು ಸಲ "ಇಲ್ಲಿ ಉಂಟು" ಎಂದರು. ಹನ್ನೊಂದು! ನನ್ನ ಒಬ್ಬಳ ಬಾಯಲ್ಲಿ ಮಾತ್ರ ಶನಿ ಕೂತದ್ದು ಎಂದು ನಂಬಿದ್ದ ನನಗೆ ಸಂತೋಷ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಹನ್ನೊಂದು ಮಾವಂದಿರು ಕಣ್ಣೆದುರು ಬಂದರು.

ಅಲ್ಲಿ ನಾನು ಒಂದು ಕಳ್ಳ ಕೆಲಸ ಶುರು ಮಾಡಿದೆ. ಬೇರೆ ತರಹದ ಹಲ್ಲಿನ ಮಗು ಕುರ್ಚಿಯಿಂದ ಇಳಿದಾಗ, ಡಾಕ್ಟರ್ ಕನ್ನಡಿ ತೊಳೆಯುವ ಹೊತ್ತಿನಲ್ಲಿ, ಮೆಲ್ಲಗೆ ಕೇಳುತ್ತಿದ್ದೆ. "ನಿನ್ನ ಮಾವ ಹೇಗಿದ್ದಾರೆ ಮಗಾ?" ಚೆನ್ನಾಗಿದ್ದಾರೆ ಎಂದರೆ ಫಾರ್ಮಿನ ಹಿಂದೆ ಪೆನ್ಸಿಲಿನಲ್ಲಿ ಒಂದು ಸೊನ್ನೆ. ಸತ್ತಿದ್ದರೆ, ಹಾಸಿಗೆ ಹಿಡಿದಿದ್ದರೆ, ಊರು ಬಿಟ್ಟು ಪತ್ತೆಯಿಲ್ಲದಿದ್ದರೆ, ಕುಡಿತಕ್ಕೆ ಬಿದ್ದಿದ್ದರೆ ಒಂದು ಅಡ್ಡಗೀಟು. ಶಿರ್ವದ ಎಸ್ತರ್ ಎಂಬ ಹುಡುಗಿ ಮಾತ್ರ ನನ್ನನ್ನೇ ಪೇಚಿಗೆ ಸಿಕ್ಕಿಸಿದಳು. "ಯಾವ ಮಾವ ಟೀಚರ್? ನನಗೆ ಐದು ಜನ ಇದ್ದಾರೆ. ಒಬ್ಬರಿಗೆ ಕಾಲುನೋವು" ಎಂದಳು. ಐದರಲ್ಲಿ ಒಂದು ಕಾಲುನೋವಿಗೆ ಸೊನ್ನೆ ಹಾಕುವುದೋ ಗೀಟು ಹಾಕುವುದೋ ಗೊತ್ತಾಗದೆ, ಹೆದರಿಕೆಯ ಕಡೆಗೇ ವಾಲಿ ಗೀಟು ಹಾಕಿದೆ.

ಎರಡು ತಿಂಗಳಲ್ಲಿ ಅರವತ್ತೊಂದು ಮಕ್ಕಳನ್ನು ಕೇಳಿದ್ದೆ, ಇಪ್ಪತ್ತಮೂರು ಗೀಟು ಬಿದ್ದಿದ್ದವು. ಆ ಇಪ್ಪತ್ತಮೂರು ಗೀಟು ನನ್ನ ಊಟ ತಿಂದವು, ನಿದ್ದೆ ತಿಂದವು. ಹಿರಿಯರು ಹೇಳಿದ್ದು ಸತ್ಯವೇ, ಭುಜಂಗ ಮಾವನನ್ನು ತಿಂದವಳು ನಾನೇ ಎಂದು ಖಾತ್ರಿಯಾಗಿಬಿಟ್ಟಿತು. ಆಗ ನೀನು ಬೊಂಬಾಯಿಗೆ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಮುಂದೆ ನನಗೆ ಮದುವೆಯಾಗಿ ಮಗುವಾದರೆ ಆ ಮಗುವಿನ ಮಾವ ನೀನಲ್ಲವೇ ಎಂದು ಮೊದಲ ಸಲ ಹೊಳೆದದ್ದು ಆವಾಗಲೇ. ಬಂದ ಎರಡು ಸಂಬಂಧಗಳನ್ನು ‘ಜಾತಕ ಕೂಡುವುದಿಲ್ಲ’ ಎಂದು ನಾನೇ ಅಮ್ಮನ ತಲೆ ತಿರುಗಿಸಿ ತಪ್ಪಿಸಿದ್ದೆ. ಯಾಕೆ ತಪ್ಪಿಸಿದೆ ಎಂದು ಈಗ ಗೊತ್ತಾಯಿತೇ?

ಆಮೇಲೆ ಕಾರ್ಕಳಕ್ಕೆ ಹೋದೆವು. ಕಲ್ಲುಕೋರೆಯ ಹತ್ತಿರದ ಒಂದು ಶಾಲೆ, ಅಲ್ಲಿ ಕೂತರೆ ಬೆಂಚಿನ ಮೇಲೂ ಬಿಳಿ ಹುಡಿ. ಐದನೇ ಕ್ಲಾಸಿನ ಬೇಬಿ ಎಂಬ ಹುಡುಗಿ ಕುರ್ಚಿಯಲ್ಲಿ ಕೂತಳು, ಆದರೆ ಬಾಯಿಗೆ ಅಡ್ಡ ಹಿಡಿದ ಕೈ ತೆಗೆಯಲಿಲ್ಲ. ಶೇಖರಾ, ಆ ಕೈ ನೋಡಿದೆ. ಅದು ನನ್ನದೇ ಕೈ. ಡಾಕ್ಟರ್ ಮುದ್ದು ಮಾಡಿ, "ತೆರೆ ಮಗಾ, ನಾನು ನೋಡುವುದು ಮಾತ್ರ, ಕೀಳುವುದಿಲ್ಲ" ಎಂದರು. ಕೊನೆಗೆ ಕೈ ಇಳಿಯಿತು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಚೂಪಾಗಿ ಒಂದು ಹೆಚ್ಚಿನ ಹಲ್ಲು. ಡಾಕ್ಟರ್ "ಇಲ್ಲಿ ಉಂಟು, ಬರೆ" ಎಂದು ಕನ್ನಡಿ ತೊಳೆಯಲು ತಿರುಗಿದರು. ನಾನು ಮಾವನನ್ನು ಕೇಳುವ ಮೊದಲೇ ಅವಳೇ ನನ್ನ ಸೀರೆ ಹಿಡಿದು ಕೇಳಿದಳು. "ಕೀಳಿ ಟೀಚರ್. ಇದನ್ನು ಕಿತ್ತರೆ ಮಾವ ವಾಪಸು ಬರ್ತಾರಾ?"

ಅವಳ ಮಾವ ಮೂರು ವಾರದ ಹಿಂದೆ ಕೋರೆಯಲ್ಲಿ ಸಿಡಿಮದ್ದಿಗೆ ಸಿಕ್ಕಿ ಹೋಗಿದ್ದರು. ಅಜ್ಜಿ ಅವಳನ್ನು ಊಟದ ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ಕೇಳುತ್ತಿದ್ದಾಳೆ, ಇಪ್ಪತ್ತೈದು ವರ್ಷದ ನಾನು ‘ಇಲ್ಲ ಮಗಾ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ’ ಎನ್ನಬೇಕಿತ್ತು. ನಾಲಗೆ ಏಳಲಿಲ್ಲ. ಯಾಕೆಂದರೆ ಸಂಬಂಧ ಉಂಟು ಎಂದು ನಾನೇ ನಂಬಿದ್ದೆ. ಅವಳ ಫಾರ್ಮಿನ ಹಿಂದೆ ಸುಮ್ಮನೆ ಒಂದು ಗೀಟು ಎಳೆದೆ. ನನ್ನ ಜೀವಮಾನದಲ್ಲಿ ಅದರಷ್ಟು ಹೇಡಿತನದ ಕೆಲಸ ನಾನು ಮಾಡಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಡಾಕ್ಟರ್ ಫಾರ್ಮುಗಳನ್ನು ತಿರುಗಿಸುತ್ತಿದ್ದವರು ಪೆನ್ಸಿಲ್ ಗುರುತು ನೋಡಿಬಿಟ್ಟರು. "ಎಂತ ಇದು ಮಾರಾಯ್ತಿ, ಸೊನ್ನೆ, ಗೀಟು? ನನ್ನ ಕಾಗದ ಹಾಳು ಮಾಡಿದೆಯಲ್ಲ!" ಎಂದು ರೇಗಿದರು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಭುಜಂಗ ಮಾವ, ನನ್ನ ಹಲ್ಲು, ನೀನು, ಇಪ್ಪತ್ತಮೂರು ಗೀಟು, ಬೇಬಿ. ಸಿರಿಲ್ ಪಾಪ ಜೀಪು ನಿಧಾನ ಮಾಡಿದ. ಡಾಕ್ಟರ್ ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಸ್ವಲ್ಪ ಹೊತ್ತು ಫಾರ್ಮು ನೋಡಿ ಒಂದೇ ಪ್ರಶ್ನೆ ಕೇಳಿದರು. "ಹಲ್ಲು ಸರಿ ಇರುವ ಮಕ್ಕಳ ಹತ್ತಿರ ಕೇಳಿದ್ದೀಯಾ?"

ಇಲ್ಲ. ಒಬ್ಬರ ಹತ್ತಿರವೂ ಕೇಳಿರಲಿಲ್ಲ. ಅವರ ಹತ್ತಿರ ಯಾಕೆ ಕೇಳುವುದು ಎಂದು ನನಗೆ ತೋಚಿಯೇ ಇರಲಿಲ್ಲ. "ಹಾಗಾದರೆ ನಿನಗೆ ಎಂತದೂ ಗೊತ್ತಾಗಿಲ್ಲ" ಎಂದರು ಡಾಕ್ಟರ್. "ಕೇಳುವುದಾದರೆ ಎಲ್ಲರ ಹತ್ತಿರ ಕೇಳು. ನನ್ನ ಫಾರ್ಮಿನಲ್ಲಿ ಬೇಡ, ಬೇರೆ ಪುಸ್ತಕ ಇಡು. ಈ ಪೆನ್ಸಿಲ್ ಗುರುತೆಲ್ಲ ಇವತ್ತೇ ಉಜ್ಜಿ ತೆಗೆ."

ಮರುದಿನ ಮತ್ತೆ ಅದೇ ಶಾಲೆ. ಬೇಬಿಯ ಕ್ಲಾಸಿನಲ್ಲಿ ಒಬ್ಬರನ್ನೂ ಬಿಡದೆ ಎಲ್ಲರ ಮಾವಂದಿರನ್ನೂ ಕೇಳಿದೆ. ಅದೇ ಕೋರೆಯಲ್ಲಿ ಇನ್ನೂ ಮೂವರು ಮಕ್ಕಳ ಮಾವಂದಿರು ಏಟು ತಿಂದಿದ್ದರು, ಒಬ್ಬರು ಹೋಗಿಯೇಬಿಟ್ಟಿದ್ದರು. ಆ ಮೂವರು ಮಕ್ಕಳ ಹಲ್ಲೂ ಪೋಣಿಸಿಟ್ಟಷ್ಟು ಸರಿ. ಡಾಕ್ಟರ್ ಬೇಬಿಯನ್ನು ಕರೆದು ಕನ್ನಡಿಯನ್ನು ಅವಳ ಕೈಗೇ ಕೊಟ್ಟು, ಆ ಮೂವರ ಬಾಯಿ ನೋಡಲು ಹೇಳಿದರು. ಅವಳು ದೊಡ್ಡ ಡಾಕ್ಟರಂತೆ ಮುಖ ಗಂಟಿಕ್ಕಿ ಒಬ್ಬೊಬ್ಬರದ್ದೂ ನೋಡಿದಳು. ಕನ್ನಡಿ ಹಿಡಿಯಲು ಒಂದು ಕೈ, ಗಲ್ಲ ಹಿಡಿಯಲು ಒಂದು ಕೈ, ಬಾಯಿಗೆ ಅಡ್ಡ ಹಿಡಿಯಲು ಅವಳಿಗೆ ಕೈ ಉಳಿದಿರಲಿಲ್ಲ. ಕೊನೆಗೆ "ಇವರದ್ದು ಸರಿ ಉಂಟಲ್ಲ ಟೀಚರ್!" ಎಂದು ನನ್ನನ್ನು ನೋಡಿದಳು. ಹೌದು ಮಗಾ ಎಂದೆ. ಅಷ್ಟಾದರೂ ಹೇಳಿದೆ.

ಆಮೇಲೆ ಉಡುಪಿ, ಮಣಿಪಾಲ, ಪೆರ್ಡೂರು, ಮತ್ತೆ ಇಲ್ಲಿ ಕಾಪು. ಹೋದಲ್ಲೆಲ್ಲ ಪ್ರತಿಯೊಂದು ಮಗುವನ್ನೂ ಕೇಳಿದೆ. ವರ್ಷ ಮುಗಿಯುವಾಗ ಕೂತು ಲೆಕ್ಕ ಹಾಕಿದರೆ, ಬೇರೆ ತರಹದ ಹಲ್ಲಿನ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರ ಮಾವಂದಿರಿಗೆ ಗೀಟು. ಸರಿ ಹಲ್ಲಿನ ಹತ್ತು ಮಕ್ಕಳಲ್ಲೂ ನಾಲ್ವರ ಮಾವಂದಿರಿಗೆ ಗೀಟು. ಮಾವಂದಿರು ಕಡಲಿಗೆ ಹೋಗುತ್ತಾರೆ, ಮರ ಹತ್ತುತ್ತಾರೆ, ಕಲ್ಲು ಒಡೆಯುತ್ತಾರೆ, ಕುಡಿಯುತ್ತಾರೆ. ಮಕ್ಕಳ ಹಲ್ಲು ಅದರಷ್ಟಕ್ಕೆ ಬರುತ್ತದೆ, ಹೋಗುತ್ತದೆ. ಆ ಪುಸ್ತಕ ಎದೆಗೆ ಒತ್ತಿಕೊಂಡು ಅವತ್ತು ಬಸ್ಸಿನಲ್ಲಿ ಮನೆಗೆ ಬಂದೆ. ಮುಂದಿನ ವರ್ಷ ಮದುವೆಗೆ ಹೂಂ ಎಂದದ್ದೂ ಆ ಪುಸ್ತಕದ ಧೈರ್ಯದಿಂದಲೇ.

ಇಷ್ಟೆಲ್ಲ ಗೊತ್ತಿದ್ದವಳು ನಿನಗೆ ಬರಬೇಡ ಎಂದು ಯಾಕೆ ಬರೆದೆ ಎಂದು ನೀನು ಕೇಳಬಹುದು. ಕೇಳು, ಬೈಯ್ಯಿ. ಪುಷ್ಪಾವತಿ ನಕ್ಕು ಅಮ್ಮ ನಿನ್ನ ಹೆಸರು ಹೇಳಿದ ಆ ಗಳಿಗೆಯಲ್ಲಿ ನನಗೆ ಪುಸ್ತಕದ ಒಂದು ಅಂಕೆಯೂ ನೆನಪಾಗಲಿಲ್ಲ. ನೆನಪಾದದ್ದು ನಿನ್ನ ಡಾಕಿನ ಕ್ರೇನು. ಬೊಂಬಾಯಿ ಬಸ್ಸು ಇಳಿಯುವ ಘಾಟಿ. ಊರಿನ ಮಕ್ಕಳೆಲ್ಲರ ಮಾವಂದಿರನ್ನು ಎಣಿಸಬಹುದು, ಶೇಖರಾ. ನನ್ನ ಮಗುವಿಗೆ ಇರುವುದು ಒಬ್ಬನೇ ಮಾವ. ಬೆಳಿಗ್ಗೆ ಎದ್ದರೆ ಹೆದರಿಕೆ, ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಹೆದರಿಕೆ, ಮಗು ಹಾಲು ಕುಡಿಯುತ್ತಾ ಆ ಹಲ್ಲಿನಿಂದ ಚುಚ್ಚಿದರೆ ನೋವಿಗಿಂತ ಮೊದಲು ಹೆದರಿಕೆ. ಅಮ್ಮನಂತೂ ಒಂದು ದಾರ ತಂದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು, ಹಲ್ಲಿಗೆ ಕಟ್ಟಿ ಎಳೆದುಬಿಡುವುದು ಎಂದು. ಅದಕ್ಕೆ ನಾನು ಬಿಡಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಮಗುವನ್ನು ಕಣ್ಣೆದುರು ಇಟ್ಟುಕೊಂಡೆ. ಕೊನೆಗೆ ಅಮ್ಮ ಒಂದು ದಾರಿ ಕಂಡುಹಿಡಿದಳು. ನೀನು ಈಗ ಬರಬಾರದು. ಮೂರು ತಿಂಗಳು ಕಳೆದ ಮೇಲೆ ಬಂದು, ಕಂಚಿನ ಬಟ್ಟಲಿನಲ್ಲಿ ಎಣ್ಣೆ ಹಾಕಿ, ಅದರಲ್ಲಿ ಮಗುವಿನ ಮುಖದ ನೆರಳು ಮಾತ್ರ ನೋಡಬೇಕು. ನೇರ ಮುಖ ನೋಡಬಾರದು. ಕಂಟಕ ಎಣ್ಣೆಗೆ ಹೋಗುತ್ತದಂತೆ.

ಹನ್ನೆರಡನೇ ದಿನ ಮಗುವಿಗೆ ಹೊಟ್ಟೆನೋವು ಎಂದು ಅಮ್ಮನಿಗೆ ಸುಳ್ಳು ಹೇಳಿ, ನಿಮ್ಮ ಭಾವನನ್ನು ಕರೆದುಕೊಂಡು ಮಣಿಪಾಲಕ್ಕೆ ಡಾಕ್ಟರ್ ರಮಾಮಣಿಯವರ ಹತ್ತಿರ ಹೋದೆ. ಅವರು ಕಿರುಬೆರಳಿನಿಂದ ಹಲ್ಲು ಮುಟ್ಟಿ ನೋಡಿದರು. "ಅಲುಗಾಡುವುದಿಲ್ಲ. ಹಾಲುಹಲ್ಲೇ, ಸ್ವಲ್ಪ ಅವಸರ ಮಾಡಿ ಬಂದಿದೆ, ಅಷ್ಟೇ. ಇರಲಿ. ದಾರ ಗೀರ ಕಟ್ಟಿದರೆ ನೋಡು, ಇಷ್ಟು ಚಿಕ್ಕ ಕೂಸಿಗೆ ರಕ್ತ ನಿಲ್ಲದಿದ್ದರೆ ಎಂತ ಮಾಡುವುದು?" ಎಂದು ಗದರಿದರು. ಮತ್ತೆ ನನ್ನ ಮುಖ ನೋಡಿ ನಕ್ಕು, "ಮಾವ ಹೇಗಿದ್ದಾನೆ?" ಎಂದರು. ನನ್ನದೇ ಪ್ರಶ್ನೆ. ನಾಲ್ಕು ವರ್ಷದಲ್ಲಿ ಮರೆತಿರಲಿಲ್ಲ. ನನಗೆ ನಗಲು ಆಗಲಿಲ್ಲ, ಗಳಗಳ ಅತ್ತುಬಿಟ್ಟೆ. ಅವರು ನಗು ನಿಲ್ಲಿಸಿ ನನ್ನ ತಲೆ ಸವರಿ, "ಕುಶಲಾ, ನೀನು ಎಲ್ಲರನ್ನೂ ಕೇಳಿದ್ದಿ. ನಿನ್ನ ಅಮ್ಮನನ್ನು ಕೇಳಿದ್ದೀಯಾ?" ಎಂದರು.

ಏನು ಕೇಳಬೇಕು ಎಂದು ಅಲ್ಲಿ ಹೊಳೆಯಲಿಲ್ಲ. ದಿನಗಟ್ಟಲೆ ಅದೇ ತಲೆಯಲ್ಲಿ ತಿರುಗಿತು. ಮೊನ್ನೆ ನಿನ್ನ ಕಾಗದ ಬಂದಾಗ ಹೊಳೆಯಿತು. ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಹೋಗಿ ಎದುರು ಕೂತು ಕೇಳಿದೆ. ಅಮ್ಮಾ, ನನ್ನ ಮೇಲಿನ ಹಲ್ಲು ಮೊದಲು ನೋಡಿದ್ದು ಯಾರು, ಯಾವ ದಿನ?

"ಎಂತಕ್ಕೆ ಈಗ ಅದೆಲ್ಲ?" ಎಂದಳು. ಹೇಳಲೇಬೇಕು ಎಂದೆ. ಅವಳು ಮಗುವಿನ ಎರಡು ಕಾಲನ್ನೂ ನೀವಿ ಮುಗಿಸಿದಳು. ಮತ್ತೆ ಹೇಳಿದಳು. "ಅಣ್ಣನ ಬೊಜ್ಜದ ದಿನ."

ಬೊಜ್ಜದ ದಿನ, ಶೇಖರಾ! ಮಾವ ಹೋಗಿ ಹದಿಮೂರನೆಯ ದಿನ, ಉತ್ತರಕ್ರಿಯೆಯ ಊಟಕ್ಕೆ ಊರೇ ಸೇರಿತ್ತು. ಒಬ್ಬಳು ಮುದುಕಿ ‘ಇಷ್ಟು ದೊಡ್ಡ ಸಾವಿಗೆ ಮನೆಯಲ್ಲಿ ಏನಾದರೂ ಕಾರಣ ಇರಲೇಬೇಕು’ ಎಂದಳಂತೆ. ಬಾವಿ ನೋಡಿದರು, ತುಳಸಿಕಟ್ಟೆ ನೋಡಿದರು. ಹಸಿದು ಅಳುತ್ತಿದ್ದ ನನ್ನ ಬಾಯಿ ತೆರೆದು ನೋಡಿದರು. ಅಲ್ಲಿ ಆಗಷ್ಟೇ ವಸಡು ಒಡೆದ ಬಿಳಿ ಚುಕ್ಕೆ. ಅದಕ್ಕೂ ಮೊದಲು, ಮಾವ ಜೀವಂತ ಇದ್ದಾಗ, ನನ್ನ ಬಾಯಲ್ಲಿ ಹಲ್ಲು ಕಂಡವರು ಒಬ್ಬರೂ ಇಲ್ಲ. ಅಮ್ಮನೂ ಕಂಡಿರಲಿಲ್ಲ. ಇಪ್ಪತ್ತೆಂಟು ವರ್ಷ ಈ ಮನೆಯಲ್ಲಿ ಯಾರೊಬ್ಬರೂ ಮೊದಲು ಹಲ್ಲೋ ಮೊದಲು ಸಾವೋ ಎಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಊರಿನ ಮಕ್ಕಳನ್ನೆಲ್ಲ ಕೇಳಿದವಳು!

ಇನ್ನೂ ಒಂದು ಕೇಳಿದೆ. ಆ ದೋಣಿಯಲ್ಲಿ ಜನಾರ್ದನಣ್ಣನೂ ಹೋದರಲ್ಲ, ಅವರ ಅಕ್ಕತಂಗಿಯರ ಮಕ್ಕಳ ಬಾಯಿ ಯಾರಾದರೂ ನೋಡಿದರೇ? ಅಮ್ಮ ತಲೆ ಎತ್ತಿದಳು. "ಅವರ ಮನೆಯಲ್ಲಿ ನೋಡಿದ್ದು ನಾಯಿಯನ್ನು" ಎಂದಳು. "ಅವರು ಹೊರಟ ದಿನ ನಾಯಿ ಊಳಿಟ್ಟಿತ್ತಂತೆ. ಅದನ್ನು ಹೊಡೆದು ಓಡಿಸಿದರು." ಹೇಳಿ ಮುಗಿಸಿದವಳೇ ಎಣ್ಣೆಯ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನನ್ನು ನೋಡಲು ಅವಳಿಂದ ಆಗಲಿಲ್ಲ. "ನಿನ್ನನ್ನು ನಗಲು ಬಿಡಲಿಲ್ಲವಲ್ಲ ನಾನು, ನಿನ್ನನ್ನು ನಗಲು ಬಿಡಲಿಲ್ಲವಲ್ಲ" ಎಂದು ಅತ್ತಳು. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಕನಿಕರವೂ ಬಂತು. ಇಪ್ಪತ್ತು ವರ್ಷದ ಹೆಂಗಸು, ಅಣ್ಣನನ್ನು ಕಡಲು ನುಂಗಿದೆ, ಮಡಿಲಲ್ಲಿ ಕೂಸು. ಯಾರು ಏನು ಹೇಳಿದರೂ ಅವಳು ನಂಬುತ್ತಿದ್ದಳು.

ನಿನ್ನೆ ಬೆಳಿಗ್ಗೆ ಅವಳು ದಿಂಬಿನ ಕೆಳಗಿನ ದಾರವನ್ನು ಒಲೆಗೆ ಹಾಕಿದಳು. ಆಮೇಲೆ ನನ್ನ ಹತ್ತಿರ ಬಂದು, "ಅವನಿಗೆ ಬರೆ, ಬರಲಿ. ಆದರೆ ಹಗಲು ಬಸ್ಸಿನಲ್ಲಿ ಬರಲಿ" ಎಂದಳು. ಬೊಂಬಾಯಿಂದ ಇಲ್ಲಿಗೆ ಒಂದು ರಾತ್ರಿಯೂ ಇಲ್ಲದ ಬಸ್ಸನ್ನು ನಾನು ಎಲ್ಲಿಂದ ತರುವುದು! ಅಷ್ಟು ಹೇಳಿದವಳು ಕಂಚಿನ ಬಟ್ಟಲು ಮಾತ್ರ ಒಳಗಿಡಲಿಲ್ಲ. ಹುಣಸೆಹುಳಿ ಹಾಕಿ ತಿಕ್ಕಿ ಬೆಳಗಿ ಕಪಾಟಿನ ಮೇಲೆ ಇಟ್ಟಿದ್ದಾಳೆ. ನಾನೂ ಅದನ್ನು ತೆಗೆಯಲಿಲ್ಲ. ನನಗೂ ಪೂರ್ತಿ ಧೈರ್ಯವಿಲ್ಲ, ನಿನ್ನ ಹತ್ತಿರ ಯಾಕೆ ಅಡಗಿಸುವುದು? ಈಗ ಬರೆಯುವಾಗಲೂ, ನಿನ್ನನ್ನು ಕರೆಯುತ್ತಿದ್ದೇನಲ್ಲ, ದಾರಿಯಲ್ಲಿ ಏನಾದರೂ ಆದರೆ ಎಂದು ಅಂಗೈ ಬೆವರುತ್ತಿದೆ. ನೋಡು, ‘ದಾರಿಯಲ್ಲಿ’ ಎಂಬ ಅಕ್ಷರ ಹೇಗೆ ಕಲಸಿಹೋಗಿದೆ.

ಆದರೂ ಬಾ. ತೊಟ್ಟಿಲು ಫೆಬ್ರವರಿ ನಾಲ್ಕಕ್ಕೆ. ನಮ್ಮ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವವನು ಮಾವ, ಬೇರೆ ಯಾರೂ ಅಲ್ಲ. ನನ್ನನ್ನು ಹಾಕಿದ್ದು ಭುಜಂಗ ಮಾವ. ಅಮ್ಮ ಬಟ್ಟಲಿನಲ್ಲಿ ಎಣ್ಣೆ ಹಾಕಿ ನಿನ್ನ ಮುಂದೆ ಇಟ್ಟರೆ ಅವಳ ಮೇಲೆ ರೇಗಬೇಡ. ಆ ಎಣ್ಣೆಯಿಂದ ದೀಪ ಹಚ್ಚು. ಎಣ್ಣೆಯಲ್ಲಿ ನೋಡಬೇಡ, ಶೇಖರಾ. ಮಗುವನ್ನು ಎತ್ತಿಕೊಂಡು ನೇರ ಮುಖ ನೋಡು. ಗಿಲಕಿ ಆಡಿಸು. ಅವಳು ಬಾಯಿ ತೆರೆದಾಗ ಆ ಹಲ್ಲನ್ನು ನೋಡು, ಬೆರಳು ಕೊಟ್ಟು ಕಚ್ಚಿಸಿಕೋ. ಅವಳ ಬಾಯಿಗೆ ಯಾರೂ ಕೈ ಅಡ್ಡ ಹಿಡಿಯದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ, ನನ್ನೊಬ್ಬಳಿಂದ ಆಗುವುದಿಲ್ಲ.

ಆ ಪುಸ್ತಕ ಪೆಟ್ಟಿಗೆಯಿಂದ ತೆಗೆದಿದ್ದೇನೆ. ಕೊನೆಯ ಪುಟದಲ್ಲಿ ಒಂದು ಸಾಲು ಹೊಸದಾಗಿ ಬರೆದೆ. ಊರು, ಕಾಪು. ವಯಸ್ಸು, ಇಪ್ಪತ್ತು ದಿನ. ಹಲ್ಲು, ‘ಇಲ್ಲಿ ಉಂಟು.’ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ಇಡುವವನು ನೀನು. ಮಾವನ ಜಾಗವೂ ಖಾಲಿ ಇದೆ. ಎಷ್ಟೋ ಮಕ್ಕಳ ಮಾವಂದಿರಿಗೆ ಸೊನ್ನೆ ಹಾಕಿದ ಕೈ ನಿನ್ನದಕ್ಕೆ ಹಾಕಲು ಹೆದರುತ್ತಿದೆ. ನೀನು ಬಂದು ನಿನ್ನ ಕೈಯಿಂದಲೇ ಹಾಕು. ದೊಡ್ಡ ಸೊನ್ನೆ ಹಾಕು, ಪುಟ ತುಂಬುವಷ್ಟು ದೊಡ್ಡದು.

ಬಸ್ಸಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಬೇಡ. ಕಡಲಿನಷ್ಟು ಆಯುಸ್ಸು ನಿನಗಿರಲಿ, ತಮ್ಮಾ. ನೀನು ಅಂಗಳಕ್ಕೆ ಕಾಲಿಡುವಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ, ಬಾಯಿಗೆ ಕೈ ಅಡ್ಡ ಹಿಡಿಯದೆ.

ನಿನ್ನ ದಾರಿ ಕಾಯುವ ಅಕ್ಕ,
ಕುಶಲಾ